ಆಕರ ಹೆಸರಿಸಿದ ಮಾತ್ರಕ್ಕೆ ನಕಲು ಸಕ್ರಮವಾಗದು

ಕೊಪ್ಪಳದ ಶಾಲಾ ಮಾಸ್ತರರೊಬ್ಬರು ಬರೆದ ಪತ್ರದ ಸಾರ ಇದು: "ಕನ್ನಡ ವಿಕಿಪೀಡಿಯದಲ್ಲಿ ಕಿನ್ನಾಳ ಗೊಂಬೆಗಳ ಬಗ್ಗೆ ಬರೆಯುವಾಗ ನಿಮ್ಮ ಪತ್ರಿಕೆಯ ಲೇಖನದಿಂದ ನಾಲ್ಕು ಪ್ಯಾರಾ ಸೇರಿಸಿದೆ. ಕೆಳಗೆ ಪತ್ರಿಕೆಯ ಹೆಸರನ್ನೂ ಹಾಕಿದ್ದೆ. ಮರುದಿನವೇ ತೆಗೆದುಹಾಕಿದರು. ಪದ ಬದಲಿಸಿ ಮತ್ತೆ ಹಾಕಿದೆ, ಅದನ್ನೂ ತೆಗೆದರು. ನಮ್ಮ ಜಿಲ್ಲೆಯ ಕಲೆ ಜಗತ್ತಿಗೆ ತಿಳಿಯುವುದು ಬೇಡವೇ? ನೀವು ಒಂದು ಅನುಮತಿ ಪತ್ರ ಕೊಟ್ಟರೆ ಸಾಕು."

ಮಾಸ್ತರರೇ, ನಿಮ್ಮ ಕಾಳಜಿ ದೊಡ್ಡದು. ಆದರೆ ತೆಗೆದುಹಾಕಿದವರು ಮಾಡಿದ್ದೇ ಸರಿ.

ಇಲ್ಲಿ ತಪ್ಪುಗಳು ಎರಡು, ಅವನ್ನು ನಾವು ಒಂದೇ ಎಂದುಕೊಂಡುಬಿಡುತ್ತೇವೆ. ಒಬ್ಬರು ಬರೆದದ್ದನ್ನು ಅವರ ಹೆಸರು ಹೇಳದೆ ನಮ್ಮದೆಂಬಂತೆ ತೋರಿಸುವುದು ಕೃತಿಚೌರ್ಯ. ಹಕ್ಕುದಾರರ ಒಪ್ಪಿಗೆಯಿಲ್ಲದೆ ಅವರ ಬರಹವನ್ನು ಪ್ರಕಟಿಸುವುದು ಕೃತಿಸ್ವಾಮ್ಯದ ಉಲ್ಲಂಘನೆ. ಪತ್ರಿಕೆಯ ಹೆಸರು ಹಾಕಿ ಮೊದಲನೆಯದನ್ನು ತಪ್ಪಿಸಿದಿರಿ, ಎರಡನೆಯದು ಹಾಗೆಯೇ ಉಳಿಯಿತು. ಇದಕ್ಕೆ ತಿರುಗುಮುರುಗಾಗಿಯೂ ಆಗುತ್ತದೆ. ಮೈಸೂರು ವಿಶ್ವವಿದ್ಯಾನಿಲಯವು ಕನ್ನಡ ವಿಶ್ವಕೋಶದ ಕೆಲವು ಸಂಪುಟಗಳನ್ನು 2014ರಲ್ಲಿ ಮುಕ್ತ ಪರವಾನಗಿಯಡಿ ಬಿಡುಗಡೆ ಮಾಡಿತು. ಅಲ್ಲಿಂದ ಇಡೀ ಪ್ಯಾರಾವನ್ನೇ ತೆಗೆದುಕೊಳ್ಳಬಹುದು. ಆದರೆ ಎಲ್ಲಿಂದ ಬಂತೆಂದು ಹೇಳದಿದ್ದರೆ ಅದು ಕೃತಿಚೌರ್ಯ, ಪರವಾನಗಿಯ ಷರತ್ತನ್ನು ಮುರಿದಂತೆಯೂ ಹೌದು.

ಪದ ಬದಲಿಸಿದ ಮೇಲೂ ಏಕೆ ತೆಗೆದರು ಎಂಬುದನ್ನು ಮಾದರಿಯೊಂದರಿಂದ ನೋಡೋಣ. ಮೂಲದಲ್ಲಿ ಹೀಗಿದೆ ಎಂದುಕೊಳ್ಳಿ: "ಗೋಣಿಯ ಚೂರುಗಳನ್ನು ನೆನೆಸಿ, ಒಣಗಿಸಿ, ಪುಡಿಮಾಡಿ, ಮರದ ಹೊಟ್ಟು ಬೆರೆಸಿ, ಹುಣಸೆಬೀಜದ ಅಂಟಿನಲ್ಲಿ ಕಲಸಿದಾಗ ಕಲಾವಿದನ ಕೈಯಲ್ಲಿ ಜೀವ ತಳೆಯುವ ಕಿಟ್ಟ ಸಿದ್ಧವಾಗುತ್ತದೆ." ಅದನ್ನು ಹೀಗೆ ಬದಲಿಸಿದರೆ: "ಗೋಣಿಚೀಲದ ತುಂಡುಗಳನ್ನು ನೀರಲ್ಲಿಟ್ಟು, ಒಣಗಿಸಿ, ಹುಡಿಮಾಡಿ, ಮರದ ಹೊಟ್ಟು ಸೇರಿಸಿ, ಹುಣಸೆಬೀಜದ ಗೋಂದಿನಲ್ಲಿ ಕಲಸಿದರೆ ಕಲಾಕಾರನ ಕೈಯಲ್ಲಿ ಜೀವ ಪಡೆಯುವ ಕಿಟ್ಟ ತಯಾರಾಗುತ್ತದೆ." ಹತ್ತು ಪದ ಬದಲಾಗಿವೆ, ವಾಕ್ಯದ ಎಲುಬು ಹಾಗೆಯೇ ಇದೆ. ಅದೇ ಅನುಕ್ರಮ, ಅದೇ ರೂಪಕ. "ಕೈಯಲ್ಲಿ ಜೀವ" ಎಂಬುದು ಲೇಖಕರ ಅಭಿವ್ಯಕ್ತಿ, ಅದು ಅವರ ಸ್ವತ್ತು. ಗೋಣಿನಾರು, ಹೊಟ್ಟು, ಹುಣಸೆಬೀಜ ಇವು ಸಂಗತಿಗಳು, ಇವಕ್ಕೆ ಯಾರೂ ಒಡೆಯರಲ್ಲ. ಸಂಗತಿಯನ್ನಷ್ಟೇ ಎತ್ತಿಕೊಂಡು ಬರೆದರೆ ಹೀಗಾಗುತ್ತದೆ: "ಜೋಡಿಸಿದ ಗೊಂಬೆಯ ಮೈಗೆ ಬಳಿಯುವ ಕಣಕಕ್ಕೆ ಕಿಟ್ಟ ಎನ್ನುತ್ತಾರೆ. ಹುಣಸೆಬೀಜದ ಅಂಟು ಇದರಲ್ಲಿರುವ ಮರದ ಹೊಟ್ಟನ್ನೂ ಗೋಣಿನಾರಿನ ಪುಡಿಯನ್ನೂ ಹಿಡಿದಿಡುತ್ತದೆ." ವಿಶ್ವಕೋಶಕ್ಕೆ ಬೇಕಾದ ಭಾಷೆಯೂ ಇದೇ.

ಹೀಗೆ ಬರೆಯಲು ಒಂದು ರೂಢಿ ಮಾಡಿಕೊಳ್ಳಿ. ಒಂದೇ ಲೇಖನವನ್ನು ಮುಂದಿಟ್ಟುಕೊಂಡು ಕೂರಬೇಡಿ, ಕನಿಷ್ಠ ಎರಡು ಮೂರು ಆಕರ ಇರಲಿ. ಟಿಪ್ಪಣಿಯಲ್ಲಿ ಪೂರ್ತಿ ವಾಕ್ಯ ಇಳಿಸಬೇಡಿ. ಹೆಸರು, ಇಸವಿ, ಪದಾರ್ಥ, ಪುಟಸಂಖ್ಯೆ ಇಷ್ಟೇ ಸಾಕು. ಆಮೇಲೆ ಪುಸ್ತಕ ಮುಚ್ಚಿ, ಸಾಧ್ಯವಾದರೆ ಮರುದಿನ, ಟಿಪ್ಪಣಿಯಿಂದ ಬರೆಯಿರಿ. ಮುಗಿದ ಮೇಲೆ ಮೂಲವನ್ನು ಪಕ್ಕಕ್ಕಿಟ್ಟು ಹೋಲಿಸಿ. ಹೆಸರು, ಪಾರಿಭಾಷಿಕ ಪದ ಬಿಟ್ಟು ಐದಾರು ಪದ ಸಾಲಾಗಿ ಹೊಂದಿದರೆ ಆ ವಾಕ್ಯವನ್ನು ತಿದ್ದಬೇಡಿ, ಹೊಡೆದುಹಾಕಿ ಹೊಸದಾಗಿ ಬರೆಯಿರಿ. ಉಲ್ಲೇಖವನ್ನು ಲೇಖನದ ಕೊನೆಗೆ ಒಂದೇ ಕಡೆ ಗುಡ್ಡೆ ಹಾಕದೆ ಆಯಾ ಸಂಗತಿಯ ಪಕ್ಕದಲ್ಲೇ ಕೊಡಿ.

ನಕಲು ಪಠ್ಯವನ್ನು "ಆಮೇಲೆ ತಿದ್ದಿದರಾಯಿತು" ಎಂದು ಪ್ರಯೋಗಪುಟದಲ್ಲೂ (ವಿಕಿಪೀಡಿಯದಲ್ಲಿ ಬರೆದು ನೋಡಲು ಇರುವ ಪುಟ) ಇಡಬಾರದು. ಉಳಿಸಿದ ಕ್ಷಣವೇ ಅದು ಎಲ್ಲರಿಗೂ ಕಾಣುತ್ತದೆ. ನೀವು ಅಳಿಸಿದರೂ ಪುಟದ ಇತಿಹಾಸದಲ್ಲಿ ಉಳಿಯುತ್ತದೆ, ಅದನ್ನು ಮರೆಮಾಡಲು ವಿಕಿಪೀಡಿಯದ ನಿರ್ವಾಹಕರೇ ಬೇಕು. ಕಂಪ್ಯೂಟರ್ ಸರಿಯಾಗಿ ಓದಲಾಗದ ಹಳೆಯ ಫಾಂಟಿನ ಪುಸ್ತಕವಾದರೆ ನಕಲು ಪತ್ತೆ ಮಾಡುವ ತಂತ್ರಾಂಶಕ್ಕೆ ಸಿಗದೇ ಇರಬಹುದು. ಆಗ ಆಗುವ ಹಾನಿ ಇನ್ನೂ ಹೆಚ್ಚು. ನಾಲ್ಕು ವರ್ಷದ ನಂತರ ಯಾರಾದರೂ ಪತ್ತೆ ಮಾಡಿದರೆ ಪುಟವನ್ನು ನಕಲಿಗಿಂತ ಹಿಂದಿನ ಸ್ಥಿತಿಗೆ ಒಯ್ಯಬೇಕಾಗಬಹುದು. ಆಗ ನಡುವೆ ಬೇರೆಯವರು ಪ್ರಾಮಾಣಿಕವಾಗಿ ಮಾಡಿದ ಕೆಲಸವೂ ಕೊಚ್ಚಿಹೋಗುತ್ತದೆ.

ಯಾವುದು ಮುಕ್ತ, ಯಾವುದು ಅಲ್ಲ ಎಂಬ ಲೆಕ್ಕಕ್ಕೆ ಬರೋಣ. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಲೇಖಕರು ತೀರಿಕೊಂಡ ಮರುವರ್ಷದ ಜನವರಿಯಿಂದ ಎಣಿಸಿ 60 ವರ್ಷ ಹಕ್ಕು ಇರುತ್ತದೆ. ನಿಮ್ಮ ಜಿಲ್ಲೆಯ ದ್ಯಾಂಪುರದ ಸಿದ್ದಯ್ಯ ಪುರಾಣಿಕರು 1994ರಲ್ಲಿ ತೀರಿಕೊಂಡರು. ಅವರ ಕವನಗಳಿಗೆ 2054ರ ಡಿಸೆಂಬರ್ 31ರವರೆಗೆ ರಕ್ಷಣೆಯಿದೆ. ಚರ್ಚೆಗೆ ಬೇಕಾದ ಎರಡು ಸಾಲನ್ನು ಉದ್ಧರಣ ಚಿಹ್ನೆಯೊಳಗೆ ಕೊಡಬಹುದು, ಇಡೀ ಕವನ ಹಾಕುವಂತಿಲ್ಲ. ಮಾನ್ವಿಯ ಜಗನ್ನಾಥದಾಸರ ಕೃತಿಗಳು ಮುಕ್ತ, ಆದರೆ ಇಂದಿನ ವಿದ್ವಾಂಸರು ಅವಕ್ಕೆ ಬರೆದ ಅರ್ಥ, ವ್ಯಾಖ್ಯಾನ ಅವರದೇ. ಸರ್ಕಾರಿ ಪ್ರಕಟಣೆಗೆ ಪ್ರಕಟವಾದ ಮರುವರ್ಷದಿಂದ 60 ವರ್ಷ. ಕೊಪ್ಪಳ ರಾಯಚೂರಿನಿಂದ ಬೇರ್ಪಟ್ಟು ಜಿಲ್ಲೆಯಾದದ್ದು 1997ರಲ್ಲಿ, ಹಾಗಾಗಿ ಹಳೆಯ ಮಾಹಿತಿ ರಾಯಚೂರಿನ 1970ರ ಸರ್ಕಾರಿ ಜಿಲ್ಲಾ ಮಾಹಿತಿಗ್ರಂಥವಾದ ಗೆಜೆಟಿಯರ್‌ನಲ್ಲಿದೆ. ಅದರ ಪಠ್ಯ 2030 ಮುಗಿಯುವವರೆಗೆ ಮುಕ್ತವಲ್ಲ. 1904ರ ಬಳ್ಳಾರಿ ಗೆಜೆಟಿಯರ್ ಮುಕ್ತ.

ಅನುವಾದ ಮಾಡಿದರೆ ತೊಂದರೆಯಿಲ್ಲ ಎಂದು ಅನೇಕರು ನಂಬಿದ್ದಾರೆ. ಅನುವಾದದ ಹಕ್ಕೂ ಮೂಲ ಲೇಖಕರದೇ. ಇಂಗ್ಲಿಷ್ ವಿಕಿಪೀಡಿಯದ ಪುಟ ಮುಕ್ತ ಪರವಾನಗಿಯಲ್ಲಿರುವುದರಿಂದ ಅದನ್ನು ಮಾತ್ರ ಧಾರಾಳವಾಗಿ ಕನ್ನಡಕ್ಕೆ ತರಬಹುದು. ಸಂಪಾದನೆಯ ಸಾರಾಂಶದಲ್ಲಿ (ಬದಲಾವಣೆ ಉಳಿಸುವಾಗ ಬರೆಯುವ ಚಿಕ್ಕ ಟಿಪ್ಪಣಿ) ಮೂಲ ಪುಟದ ಕೊಂಡಿ ಕೊಡಬೇಕು, ಅಷ್ಟೆ.

ಚಿತ್ರದ ಮಾತು. ಇಟಗಿಯ ಮಹಾದೇವ ದೇವಾಲಯದ ಫೋಟೊ ನೀವೇ ತೆಗೆದಿದ್ದರೆ ನಿಶ್ಚಿಂತೆಯಿಂದ ಹಾಕಿ. ಈಗಿನ ಕಲಾವಿದರು ಮಾಡಿದ ಗೊಂಬೆಯ ಫೋಟೊಗೆ ಕ್ಯಾಮೆರಾ ನಿಮ್ಮದಾದರೂ ಗೊಂಬೆಯ ಹಕ್ಕು ಅವರದು, ಅವರ ಲಿಖಿತ ಒಪ್ಪಿಗೆ ಪಡೆಯಿರಿ.

ಇನ್ನು ಅನುಮತಿ ಪತ್ರ. ಅದನ್ನು ನಾವು ಕೊಡುವಂತಿಲ್ಲ. ಆ ಲೇಖನ ಬರೆದವರು ನಮ್ಮ ನೌಕರರಲ್ಲ. ಅಚ್ಚು ಹಾಕುವ ಒಪ್ಪಿಗೆಯನ್ನಷ್ಟೇ ಅವರು ನಮಗೆ ಕೊಟ್ಟಿದ್ದಾರೆ, ಹಕ್ಕು ಅವರಲ್ಲೇ ಇದೆ. ಅವರು ಒಪ್ಪಿದರೂ "ವಿಕಿಪೀಡಿಯಕ್ಕೆ ಮಾತ್ರ" ಎಂದು ಬರೆದರೆ ನಡೆಯದು, "ವ್ಯಾಪಾರಕ್ಕೆ ಬಳಸಬಾರದು" ಎಂದರೂ ನಡೆಯದು. ವಿಕಿಪೀಡಿಯದ ಪಠ್ಯವನ್ನು ಯಾರು ಬೇಕಾದರೂ ಅಚ್ಚು ಹಾಕಿ ಮಾರಬಹುದು. ಆದ್ದರಿಂದ ಅವರು "ಕ್ರಿಯೇಟಿವ್ ಕಾಮನ್ಸ್ ಆಟ್ರಿಬ್ಯೂಷನ್-ಶೇರ್‌ಅಲೈಕ್ 4.0" ಎಂಬ, ಹೆಸರು ಹೇಳಿ ಅದೇ ಷರತ್ತಿನಲ್ಲಿ ಯಾರು ಬೇಕಾದರೂ ಬಳಸಲು ಬಿಡುವ ಪರವಾನಗಿಯನ್ನು ಹೆಸರಿಸಿ, ತಮ್ಮದೇ ಇಮೇಲ್‌ನಿಂದ, ವಿಕಿಪೀಡಿಯವನ್ನು ನಡೆಸುವ ವಿಕಿಮೀಡಿಯದ ಅನುಮತಿ ಪರಿಶೀಲಿಸುವ ಸ್ವಯಂಸೇವಕರ ತಂಡಕ್ಕೆ ಬರೆಯಬೇಕು. ಒಮ್ಮೆ ಕೊಟ್ಟರೆ ಹಿಂದಕ್ಕೆ ಪಡೆಯಲಾಗದು ಎಂಬುದೂ ಅವರಿಗೆ ಗೊತ್ತಿರಬೇಕು.

ನಿಮ್ಮ ಪತ್ರದ ಪ್ರತಿಯನ್ನು ಲೇಖಕರಿಗೆ ಕಳಿಸಿದ್ದೇವೆ. ಅವರ ಉತ್ತರ ಬರುವ ತನಕ ಆ ನಾಲ್ಕು ಪ್ಯಾರಾ ಮತ್ತೆ ಹಾಕಬೇಡಿ. ಕಿನ್ನಾಳ ನಿಮಗೆ ಹತ್ತಿರವೇ ಇದೆ. ಗೊಂಬೆ ಮಾಡುವುದನ್ನು ಕಣ್ಣಾರೆ ಕಂಡರೆ ಆಕರ ಗ್ರಂಥದಲ್ಲಿ ಯಾವುದು ಮುಖ್ಯ ಎಂಬುದು ನಿಮಗೆ ಬೇಗ ಹೊಳೆಯುತ್ತದೆ. ಉಲ್ಲೇಖ ಮಾತ್ರ ಪ್ರಕಟಿತ ಗ್ರಂಥದಿಂದಲೇ ಇರಲಿ.

— ಸಂಪಾದಕ