ವಿದೇಶಿ ಸಹಕಾರ, ಸ್ಟಾರ್ಟಪ್‌ಗಳಿಂದ ಬೆಂಗಳೂರಿನ ನೀರು-ಕಸದ ಸಮಸ್ಯೆ ನಿಜವಾಗಿ ಬಗೆಹರಿಯುತ್ತಾ?

ನಿಮ್ಮ ಪ್ರಶ್ನೆ ಓದಿದೆ. ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದೀರಿ, ಗೆಳೆಯರ ಜೊತೆ ಸೇರಿ ಕೊಳಚೆ ನೀರಿನ ಸ್ಟಾರ್ಟಪ್ ಮಾಡುವ ಆಸೆ ಇದೆ. ಪೇಪರ್ ತೆಗೆದರೆ ಆ ದೇಶದ ನಿಯೋಗ ಬಂತು, ಈ ದೇಶದ ಜೊತೆ ಒಪ್ಪಂದ ಆಯ್ತು ಅಂತ ಸುದ್ದಿ. ಇದರಿಂದ ಊರಿಗೆ ಏನಾದರೂ ಆಗುತ್ತಾ, ಇಲ್ಲಾ ಬರೀ ಶಾಲು-ಹಾರದ ಫೋಟೋನಾ ಅಂತ ಕೇಳಿದ್ದೀರಿ.

ನಾನು ಈ ವಿಷಯದ ಪಂಡಿತ ಅಲ್ಲ. ಸರ್ಜಾಪುರ ರಸ್ತೆ ಕಡೆ 240 ಮನೆಗಳ ಅಪಾರ್ಟ್‌ಮೆಂಟ್ ನಮ್ಮದು. ಅಲ್ಲಿ ಎಸ್‌ಟಿಪಿ, ಅಂದರೆ ಕೊಳಚೆ ನೀರು ಶುದ್ಧ ಮಾಡುವ ಘಟಕ, ನೋಡಿಕೊಳ್ಳುವ ಕಮಿಟಿ ಮೆಂಬರ್ ನಾನು, ಆರು ವರ್ಷದಿಂದ. ಬೇರೆ ಯಾರೂ ಒಪ್ಪಲಿಲ್ಲ ಅಂತ ನನ್ನ ತಲೆಗೆ ಕಟ್ಟಿದರು. ಹಾಗಾಗಿ ನನಗೆ ಗೊತ್ತಿರುವುದರಲ್ಲಿ ಮುಕ್ಕಾಲು ಪಾಲು ಮೂಗು ಮುಚ್ಚಿಕೊಂಡು ಕಲಿತದ್ದು.

ಈಗ ಯಾವ ಹೊಸ ಯೋಜನೆ ಬಗ್ಗೆ ಓದಿದರೂ ನಾನು ಹುಡುಕುವುದು ಒಂದನ್ನೇ. ಆ ಕಡೆಯಿಂದ ಹೊರಬರುವ ಮಾಲನ್ನು ಯಾರು ಒಯ್ಯುತ್ತಾರೆ? ನೀರಿರಲಿ, ಗೊಬ್ಬರ ಇರಲಿ, ಗ್ಯಾಸ್ ಇರಲಿ, ದಿನಾ ಬಂದು ತಗೊಂಡು ಹೋಗುವವರು ಇದ್ದಾರಾ? ಇದ್ದರೆ ಆ ಯೋಜನೆ ಹತ್ತು ವರ್ಷ ನಿಲ್ಲುತ್ತದೆ. ಇಲ್ಲದಿದ್ದರೆ ಯಂತ್ರ ಎಲ್ಲಿಂದ ಬಂದಿದ್ದರೂ ಎರಡು ಮಳೆಗಾಲಕ್ಕೆ ತುಕ್ಕು ಹಿಡಿಯುತ್ತದೆ.

ದೇವನಹಳ್ಳಿಯಿಂದ ಶುರು ಮಾಡುತ್ತೇನೆ. ಏರ್‌ಪೋರ್ಟ್ ಪಕ್ಕದ ಊರು. 2011ರ ಜನಗಣತಿ ಪ್ರಕಾರ 28 ಸಾವಿರದಷ್ಟು ಜನ. ಒಳಚರಂಡಿ ಇರಲಿಲ್ಲ, ಮನೆಮನೆಗೆ ಮಲಗುಂಡಿ. ತುಂಬಿದಾಗ ಹನಿಸಕ್ಕರ್ ಲಾರಿ ಕರೆಸಬೇಕು. ಪೈಪ್ ಇಳಿಸಿ ಹೀರಿಕೊಂಡು ಹೋಗುವ ಲಾರಿ ಅದು, ಹೆಸರು ಮಾತ್ರ ಜೇನು ಹೀರುವ ಯಂತ್ರ! ಹೀರಿದ್ದನ್ನು ಎಲ್ಲಿ ಸುರಿಯುತ್ತಾರೆ ಅಂತ ಯಾರೂ ಕೇಳುತ್ತಿರಲಿಲ್ಲ. ಕೆಲವೊಮ್ಮೆ ಹಳ್ಳಕ್ಕೆ, ಕೆಲವೊಮ್ಮೆ ರೈತರ ಹೊಲಕ್ಕೆ. ಬೆಂಗಳೂರಿನ ಸುತ್ತ ಎಷ್ಟೋ ರೈತರು ಅದನ್ನು ಬೇಕಂತಲೇ ಹಾಕಿಸಿಕೊಳ್ಳುತ್ತಿದ್ದರು. ಗೊಬ್ಬರದ ಬೆಲೆ ಗೊತ್ತಿದ್ದವರು ಅವರು. ಹಸಿಯಾಗಿ ಹಾಕಿದರೆ ಜಂತುಹುಳದ ಮೊಟ್ಟೆ, ರೋಗಾಣು ಎಲ್ಲ ಹೊಲಕ್ಕೆ ಹೋಗುತ್ತವೆ, ಅದೊಂದೇ ತೊಂದರೆ.

ಅಲ್ಲಿ 2015ರಲ್ಲಿ ಒಂದು ಪುಟ್ಟ ಘಟಕ ಶುರುವಾಯಿತು. ಕಟ್ಟಿದ್ದು ಬೆಂಗಳೂರಿನ ಸಿಡಿಡಿ ಸೊಸೈಟಿ ಅನ್ನುವ ಸ್ವಯಂಸೇವಾ ಸಂಸ್ಥೆ. ಅವರ ಬೆನ್ನಿಗೆ ಜರ್ಮನಿಯ ಬ್ರೆಮೆನ್ ನಗರದ ಬೋರ್ಡಾ ಅನ್ನುವ ಸಂಸ್ಥೆ ಇತ್ತು, ಗೇಟ್ಸ್ ಫೌಂಡೇಶನ್ ದುಡ್ಡು ಇತ್ತು. ದಿನಕ್ಕೆ 6 ಸಾವಿರ ಲೀಟರ್ ಸಾಮರ್ಥ್ಯ, ಅಂದರೆ ಒಂದೆರಡು ಲಾರಿ ಅಷ್ಟೇ. ವಿದೇಶಿ ದುಡ್ಡು ಅಂದ ತಕ್ಷಣ ಹೊಳೆಯುವ ಸ್ಟೀಲ್ ಟ್ಯಾಂಕು, ಕಂಪ್ಯೂಟರ್ ಪರದೆ ಕಣ್ಣಿಗೆ ಬರುತ್ತದೆ ಅಲ್ವಾ? ಇಲ್ಲಿ ಅದೇನೂ ಇಲ್ಲ. ಇಳಿಜಾರಿನಲ್ಲಿ ಒಂದರ ಕೆಳಗೆ ಒಂದು ತೊಟ್ಟಿ. ಮೇಲೆ ಸುರಿದರೆ ತನ್ನ ಪಾಡಿಗೆ ತಾನು ಕೆಳಗೆ ಹರಿಯುತ್ತದೆ, ಸಂಸ್ಕರಣೆಗೆ ಕರೆಂಟ್ ಬೇಡ. ಗಟ್ಟಿ ಭಾಗ ಗಾಳಿಯಿಲ್ಲದ ತೊಟ್ಟಿಯಲ್ಲಿ ಕೊಳೆತು, ಆಮೇಲೆ ಒಣಗುವ ಹಾಸಿನ ಮೇಲೆ ಒಣಗುತ್ತದೆ. ನೀರು ಜಲ್ಲಿ ತುಂಬಿದ, ಮೇಲೆ ಗಿಡ ನೆಟ್ಟ ತೊಟ್ಟಿಯ ಮೂಲಕ ಸೋಸಿ ಹೋಗುತ್ತದೆ. ಒಣಗಿದ್ದನ್ನು ಊರಿನ ಹಸಿ ಕಸದ ಜೊತೆ ಸೇರಿಸಿ ಗೊಬ್ಬರ ಮಾಡುತ್ತಾರೆ. ರಾಶಿ ಒಳಗಿನಿಂದ ಕಾಯುತ್ತದೆ, ಆ ಬಿಸಿಗೆ ರೋಗಾಣು ಸಾಯುತ್ತವೆ. ಒಯ್ಯುವವರು ಅದೇ ರೈತರು. ಮೊದಲು ಹಸಿ ಹಾಕಿಸಿಕೊಳ್ಳುತ್ತಿದ್ದವರಿಗೆ ಈಗ ಪಕ್ವವಾದದ್ದು ಸಿಗುತ್ತದೆ.

ದೇಶದಲ್ಲಿ ಊರಿನ ಮಟ್ಟದಲ್ಲಿ ಇಂಥ ಘಟಕ ಇದೇ ಮೊದಲು. ಎರಡು ವರ್ಷದೊಳಗೆ, 2017ರಲ್ಲಿ, ಕೇಂದ್ರ ಸರ್ಕಾರ ಮಲಗುಂಡಿ ಕೆಸರಿನ ನಿರ್ವಹಣೆಗೆ ರಾಷ್ಟ್ರೀಯ ನೀತಿಯನ್ನೇ ತಂತು. ಜರ್ಮನ್ ಸಂಸ್ಥೆ ಒಂದು ದಿನ ಬಂದು ರಿಬ್ಬನ್ ಕತ್ತರಿಸಿ ಹೋಗಿದ್ದರೆ ಇದು ಆಗುತ್ತಿರಲಿಲ್ಲ. ಇಲ್ಲಿನ ಜನರ ಜೊತೆ ವರ್ಷಗಟ್ಟಲೆ ಇದ್ದು, ಇಲ್ಲಿನ ಕರೆಂಟು, ಇಲ್ಲಿನ ಪುರಸಭೆ, ಇಲ್ಲಿನ ಲಾರಿ ಡ್ರೈವರ್‌ಗಳನ್ನು ನೋಡಿಯೇ ಕೆಲಸ ಮಾಡಿದರು.

ದೊಡ್ಡ ಮೊತ್ತದ ಸಹಕಾರ ಅಂದರೆ ಜೈಕಾ, ಬೇರೆ ದೇಶಗಳಿಗೆ ಸಾಲ-ನೆರವು ಕೊಡುವ ಜಪಾನ್ ಸರ್ಕಾರದ ಸಂಸ್ಥೆ. ಕಾವೇರಿ 5ನೇ ಹಂತ 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆ ಆಯಿತಲ್ಲ, ದಿನಕ್ಕೆ 77.5 ಕೋಟಿ ಲೀಟರ್, ಅದರ ಹಿಂದೆ ಇರುವುದು ಅವರ ಸಾಲ. ಸಾಲ ಅನ್ನುವುದನ್ನು ಮರೆಯಬೇಡಿ, ನೆರವು ಅಂತ ಬರೆದರೂ ತೀರಿಸಬೇಕಾದವರು ನಾವೇ. ನೂರು ಕಿಲೋಮೀಟರ್ ದೂರದಿಂದ, ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಅಂತ ಮೂರು ಕಡೆ ಪಂಪ್ ಮಾಡಿ ಮೇಲೆತ್ತಿ ತರುವ ನೀರು. ಅದನ್ನು ಒಂದು ಸಲ ಬಳಸಿ ಚರಂಡಿಗೆ ಬಿಡುತ್ತೇವೆ. ನನ್ನ ಹೊಟ್ಟೆ ಉರಿಯುವುದು ಅಲ್ಲಿ.

ಆ ಬಿಟ್ಟ ನೀರನ್ನು ಒಯ್ಯುವವರು ಕೋಲಾರದಲ್ಲಿ ಸಿಕ್ಕರು. ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರನ್ನು ದಿನಕ್ಕೆ 44 ಕೋಟಿ ಲೀಟರ್‌ನಂತೆ ಕೋಲಾರದ ಕೆರೆಗಳಿಗೆ ತುಂಬಿಸುವ ಯೋಜನೆ. 2018ರಲ್ಲಿ ಲಕ್ಷ್ಮೀಸಾಗರ ಕೆರೆಗೆ ಮೊದಲ ನೀರು ಹೋಯಿತು. ಕೆಲವೇ ವಾರದಲ್ಲಿ ನೊರೆ ಬಂತು, ಗಲಾಟೆ ಆಯ್ತು, ಕೋರ್ಟಿಗೂ ಹೋಯ್ತು. ಇನ್ನೊಂದು ಹಂತ ಶುದ್ಧ ಮಾಡಿ ಕೊಡಿ ಅಂತ ಅಲ್ಲಿನವರು ಕೇಳುವುದು ನ್ಯಾಯವಾದ ಮಾತೇ. ಆದರೂ ಬತ್ತಿದ ಕೆರೆ ತುಂಬಿ ಬೋರ್‌ವೆಲ್‌ಗಳಲ್ಲಿ ನೀರು ಮೇಲೆ ಬಂದಿದೆ. ನಿಮ್ಮಂಥವರಿಗೆ ಕೆಲಸ ಇರುವುದು ಈ ಜಾಗದಲ್ಲೇ: ಒಯ್ಯುವವರು ಸಿಕ್ಕಿದ್ದಾರೆ, ಮಾಲು ಇನ್ನೂ ಪೂರ್ತಿ ಚೆನ್ನಾಗಿಲ್ಲ.

ಸ್ಟಾರ್ಟಪ್‌ಗಳ ವಿಷಯಕ್ಕೆ ಬರುತ್ತೇನೆ. ಮೊದಲು ಒಳ್ಳೆಯದು. ಕಾರ್ಬನ್ ಮಾಸ್ಟರ್ಸ್ ಅಂತ ಒಂದು ಕಂಪನಿ ಇದೆ, ಹುಟ್ಟಿದ್ದು ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ, ಒಬ್ಬ ಭಾರತೀಯ ಮತ್ತು ಒಬ್ಬ ಬ್ರಿಟಿಷ್ ಗೆಳೆಯ ಸೇರಿ ಕಟ್ಟಿದ್ದು. ಆಮೇಲೆ ಬೆಂಗಳೂರಿಗೆ ಬಂದು ಹಸಿ ಕಸದಿಂದ ಗ್ಯಾಸ್ ಮಾಡುವ ಕೆಲಸ ಹಿಡಿದರು. ಗೋಬರ್ ಗ್ಯಾಸ್ ನಮಗೆ ಹೊಸದೇನಲ್ಲ, ನಮ್ಮ ಅಜ್ಜಿ ಮನೆ ಹಿತ್ತಿಲಲ್ಲೇ ಇತ್ತು. ಇವರು ಮಾಡಿದ್ದೇನೆಂದರೆ ಗ್ಯಾಸನ್ನು ಶುದ್ಧ ಮಾಡಿ, ಒತ್ತಿ, ಸಿಲಿಂಡರ್‌ಗೆ ತುಂಬಿ ಹೋಟೆಲ್ ಅಡುಗೆಮನೆಗೆ ತಲುಪಿಸಿದ್ದು. ಹೋಟೆಲಿನವನಿಗೆ ಪರಿಸರ ಬೇಕೋ ಬೇಡವೋ, ಬೆಳಗ್ಗೆ ಇಡ್ಲಿ ಬೇಯಿಸಲು ಗ್ಯಾಸಂತೂ ಬೇಕೇ ಬೇಕು. ಉಳಿದದ್ದು ಗೊಬ್ಬರ, ಅದಕ್ಕೂ ಗಿರಾಕಿ ಉಂಟು.

ಆದರೆ ಇಂಥ ಘಟಕದ ಜೀವ ನಮ್ಮ ಅಡುಗೆಮನೆಯ ಬಕೆಟ್‌ನಲ್ಲಿದೆ. ಹೈಕೋರ್ಟ್ 2015ರಲ್ಲೇ ಎರಡು ಬಿನ್ ಒಂದು ಬ್ಯಾಗ್ ಕಡ್ಡಾಯ ಅಂದಿತು: ಹಸಿ ಕಸಕ್ಕೆ ಹಸಿರು ಬಿನ್, ಡೈಪರ್‌ನಂಥದ್ದಕ್ಕೆ ಕೆಂಪು ಬಿನ್, ಒಣ ಕಸಕ್ಕೆ ಬ್ಯಾಗ್. ಇವತ್ತಿಗೂ ನಮ್ಮ ಬ್ಲಾಕಿನ ಹಸಿರು ಬಿನ್ ತೆಗೆದರೆ ಹಾಲಿನ ಕವರ್, ಡೈಪರ್, ತೆಂಗಿನ ಚಿಪ್ಪು ಸಿಗುತ್ತದೆ. ತೆಂಗಿನ ಚಿಪ್ಪು, ಮಾವಿನ ಓಟೆ ಸುಲಭಕ್ಕೆ ಕೊಳೆಯುವುದಿಲ್ಲ. ಪ್ಲಾಸ್ಟಿಕ್ ಪಂಪಿಗೆ ಸುತ್ತಿಕೊಳ್ಳುತ್ತದೆ. ಅದನ್ನು ಕೈಯಲ್ಲಿ ಬೇರೆ ಮಾಡುವವರು ಯಾರು ಅಂತ ಯಾವ ಒಪ್ಪಂದದಲ್ಲೂ ಬರೆದಿರುವುದನ್ನು ನಾನು ಕಂಡಿಲ್ಲ.

ಇನ್ನು ನಮ್ಮದೇ ಕಥೆ. ಮೂರು ವರ್ಷದ ಹಿಂದೆ ಒಂದು ಸ್ಟಾರ್ಟಪ್‌ನವರು ಬಂದರು. ಹೆಸರು ಬೇಡ. ಚೂಟಿ ಹುಡುಗರು. ಹೊರದೇಶದ ಯಾವುದೋ ಸಂಸ್ಥೆಯ ಗ್ರಾಂಟ್ ಸಿಕ್ಕಿತ್ತು. ಎಸ್‌ಟಿಪಿ ಟ್ಯಾಂಕಿಗೆ ಸೆನ್ಸರ್ ಇಳಿಸಿದರು, ಗೋಡೆಗೆ ನೀಲಿ ಡಬ್ಬ ಹೊಡೆದರು, ನನ್ನ ಮೊಬೈಲ್‌ಗೆ ಆ್ಯಪ್ ಹಾಕಿಕೊಟ್ಟರು. ಆಫೀಸಿನಲ್ಲಿ ಕೂತು ನಮ್ಮ ಕೊಳಚೆಯ ಆಮ್ಲಜನಕ ನೋಡುತ್ತಿದ್ದೆ! ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳಲಿ. ನಾಲ್ಕು ತಿಂಗಳಿಗೆ ಸೆನ್ಸರ್ ಮೇಲೆ ಜಿಡ್ಡು ಕಟ್ಟಿತು. ತೊಳೆಯಲು ವಾರಕ್ಕೊಮ್ಮೆ ಬರುತ್ತೇವೆ ಅಂದವರು ತಿಂಗಳಿಗೊಮ್ಮೆ ಬಂದರು, ಆಮೇಲೆ ಫೋನ್ ಎತ್ತಲಿಲ್ಲ. ಗ್ರಾಂಟ್ ಮುಗಿದಿತ್ತು. ಆ್ಯಪ್‌ನಲ್ಲಿ ಇವತ್ತಿಗೂ 4.2 ಅಂತ ತೋರಿಸುತ್ತಿದೆ, ಒಂದೂವರೆ ವರ್ಷದಿಂದ ಅದೇ ನಂಬರ್.

ನಮ್ಮ ಎಸ್‌ಟಿಪಿ ಆಪರೇಟರ್ ರಾಯಚೂರು ಕಡೆಯವರು. ಅವರ ಹತ್ತಿರ ಇರುವುದು ಒಂದು ಲೀಟರಿನ ಗಾಜಿನ ಸಿಲಿಂಡರ್. ಬೆಳಗ್ಗೆ ಆರಕ್ಕೆ ಏರೇಶನ್ ಟ್ಯಾಂಕಿನಿಂದ, ಅಂದರೆ ಕೊಳಚೆಗೆ ಗಾಳಿ ಊದುವ ತೊಟ್ಟಿಯಿಂದ, ಅದರಲ್ಲಿ ನೀರು ತುಂಬಿ ಕಟ್ಟೆ ಮೇಲಿಡುತ್ತಾರೆ. ಅರ್ಧ ಗಂಟೆ ಅಲುಗಾಡಿಸುವಂತಿಲ್ಲ. ಕಂದು ಕೆಸರು ನಿಧಾನಕ್ಕೆ ಕೆಳಗಿಳಿದು ಮೇಲೆ ತಿಳಿನೀರು ನಿಲ್ಲುತ್ತದೆ. ಕೆಸರು ಯಾವ ಗೆರೆಗೆ ನಿಂತಿತು ನೋಡಿ ಸ್ಲಡ್ಜ್ ತೆಗೆಯಬೇಕಾ ಬೇಡವಾ ಹೇಳುತ್ತಾರೆ. ಬಣ್ಣ ಕಾಫಿ ಡಿಕಾಕ್ಷನ್ ಥರ ಇದ್ದು ಮಣ್ಣಿನ ವಾಸನೆ ಬಂದರೆ ಸರಿ. ಕಪ್ಪಾಗಿ ಕೊಳೆತ ಮೊಟ್ಟೆ ವಾಸನೆ ಬಂದರೆ ರಾತ್ರಿ ಯಾರೋ ಗಾಳಿ ಊದುವ ಬ್ಲೋವರ್ ಆಫ್ ಮಾಡಿದ್ದಾರೆ ಅಂತ ಅರ್ಥ. ಒಮ್ಮೆ ಕರೆಂಟ್ ಬಿಲ್ ಉಳಿಸಲು ನಮ್ಮ ಕಮಿಟಿಯವರೇ ಮಾಡಿಸಿದ್ದರು. ಆಪರೇಟರ್ ಹಿಡಿದುಬಿಟ್ಟರು, ಆ ನೀಲಿ ಡಬ್ಬ ಹಿಡಿಯಲಿಲ್ಲ.

ಸೆನ್ಸರ್ ಕೆಟ್ಟದ್ದು ಅನ್ನುತ್ತಿಲ್ಲ. ಆ ಹುಡುಗರು ಡಬ್ಬ ಮಾರಿದರು. ಬದಲಿಗೆ ಎಸ್‌ಟಿಪಿಯನ್ನೇ ಗುತ್ತಿಗೆಗೆ ತಗೊಂಡು, ಆಪರೇಟರ್ ಸಂಬಳ ಕೊಟ್ಟು, ಉಳಿದ ನೀರು ಮಾರಿ ದುಡ್ಡು ಮಾಡಿದ್ದರೆ ವಾರಕ್ಕೊಮ್ಮೆ ತಾವೇ ಓಡಿ ಬಂದು ಸೆನ್ಸರ್ ತೊಳೆಯುತ್ತಿದ್ದರು. ಬೆಂಗಳೂರಿನ ಬೋಸಾನ್ ವೈಟ್‌ವಾಟರ್ ಹಿಡಿದ ದಾರಿ ಇದಕ್ಕೆ ಹತ್ತಿರ. ಅಪಾರ್ಟ್‌ಮೆಂಟಿನ ಎಸ್‌ಟಿಪಿ ನೀರನ್ನು ಹಲವು ಫಿಲ್ಟರ್‌ಗಳಲ್ಲಿ ಹಾಯಿಸಿ ಕಾರ್ಖಾನೆಗಳಿಗೆ, ಕೂಲಿಂಗ್ ಟವರ್‌ಗಳಿಗೆ ಕೊಡುವುದು. ನೀವು ಈ ಕ್ಷೇತ್ರಕ್ಕೆ ಬರುವುದಾದರೆ ಅಂಥವರನ್ನು ಹೋಗಿ ಮಾತಾಡಿಸಿ.

ಸಿಂಗಾಪುರದ ಹೆಸರು ನಿಮ್ಮ ಪ್ರಶ್ನೆಯಲ್ಲೂ ಇದೆ. ಎಲ್ಲರೂ ಹೇಳುವ ಊರು, ಆದರೆ ಕಥೆಯ ಅರ್ಧ ಮಾತ್ರ ಹೇಳುತ್ತಾರೆ. ಮಲೇಷ್ಯಾದಿಂದ ನೀರು ಕೊಳ್ಳುವ ದೇಶ ಅದು, ಆ ಒಪ್ಪಂದ 2061ಕ್ಕೆ ಮುಗಿಯುತ್ತದೆ. ಹಾಗಾಗಿ ಕೊಳಚೆ ನೀರನ್ನೇ ಶುದ್ಧ ಮಾಡಿ ನ್ಯೂವಾಟರ್ ಅಂತ ಹೆಸರಿಟ್ಟು 2003ರಲ್ಲಿ ಶುರು ಮಾಡಿದರು. ಅದರ ಹಿಂದಿನ ವರ್ಷ ರಾಷ್ಟ್ರೀಯ ದಿನದ ಮೆರವಣಿಗೆಯಲ್ಲಿ ಪ್ರಧಾನಿ ಗೋ ಚೋಕ್ ಟಾಂಗ್ ಅವರೇ ಬಾಟಲಿ ಎತ್ತಿ ಕುಡಿದರು. ಕುಡಿದು ತೋರಿಸಿದ್ದು ಜನಕ್ಕೆ ಧೈರ್ಯ ಬರಲಿ ಅಂತ. ನಿಜವಾಗಿ ಹೆಚ್ಚಿನ ನೀರು ಹೋಗುವುದು ಚಿಪ್ ಕಾರ್ಖಾನೆಗಳಿಗೆ, ಕಟ್ಟಡಗಳ ಕೂಲಿಂಗ್‌ಗೆ. ಒಯ್ಯುವವರನ್ನು ಗೊತ್ತು ಮಾಡಿಕೊಂಡೇ ಕಟ್ಟಿದ್ದರು.

ನ್ಯೂವಾಟರ್ ಯಂತ್ರದೊಳಗೆ ಇರುವ, ಕೊಳೆ ತಡೆದು ನೀರನ್ನು ಮಾತ್ರ ಬಿಡುವ ಆರ್‌ಒ ಪೊರೆಯ ಮೂಲ 1960ರ ಆಸುಪಾಸಿನ ಕ್ಯಾಲಿಫೋರ್ನಿಯಾ. ಮೊದಲ ಸಲ ಕೆಲಸಕ್ಕೆ ಬರುವಂಥ ಪೊರೆ ಮಾಡಿದ ಇಬ್ಬರಲ್ಲಿ ಒಬ್ಬರು ಸಿಡ್ನಿ ಲೋಬ್, ಇನ್ನೊಬ್ಬರು ನಮ್ಮ ದೇಶದಿಂದ ಹೋದ ಶ್ರೀನಿವಾಸ ಸೌರಿರಾಜನ್. ನಮ್ಮ ಅಡುಗೆಮನೆ ಗೋಡೆಯ ಮೇಲಿನ ಆರ್‌ಒ ಕೂಡ ಆ ವಂಶದ್ದೇ.

ಸಿಂಗಾಪುರದ ಉಳಿದರ್ಧ ಹೈಫ್ಲಕ್ಸ್. ಒಲಿವಿಯಾ ಲಮ್ ಅನ್ನುವವರು 1989ರಲ್ಲಿ ಸಣ್ಣದಾಗಿ ಶುರು ಮಾಡಿದ ಕಂಪನಿ. ನ್ಯೂವಾಟರ್ ಘಟಕ ಕಟ್ಟಿತು, ಸಮುದ್ರದ ನೀರು ಸಿಹಿ ಮಾಡುವ ಘಟಕ ಕಟ್ಟಿತು, ದೇಶದ ಹೆಮ್ಮೆ ಆಯಿತು. 2013ರಲ್ಲಿ ತುವಾಸ್‌ಪ್ರಿಂಗ್ ಅನ್ನುವ ದೊಡ್ಡ ಘಟಕ ತೆರೆದರು, ಆಮೇಲೆ ಅದರ ಜೊತೆ ಒಂದು ವಿದ್ಯುತ್ ಸ್ಥಾವರವನ್ನೂ ಸೇರಿಸಿದರು. ನೀರನ್ನು ಅಗ್ಗಕ್ಕೆ ಕೊಟ್ಟು, ಹೆಚ್ಚುವರಿ ಕರೆಂಟ್ ಮಾರಿ ಸರಿದೂಗಿಸುವ ಲೆಕ್ಕ. ಕರೆಂಟಿನ ಬೆಲೆ ಕುಸಿಯಿತು. 2018ರಲ್ಲಿ ಕಂಪನಿ ಸಾಲ ತೀರಿಸಲಾಗದೆ ಕೋರ್ಟಿನ ಆಸರೆ ಕೇಳಿತು, ಮರುವರ್ಷ ಸರ್ಕಾರಿ ಜಲಮಂಡಳಿ ತುವಾಸ್‌ಪ್ರಿಂಗ್ ನೀರಿನ ಘಟಕವನ್ನು ಸೊನ್ನೆ ಡಾಲರಿಗೆ ತಗೊಂಡಿತು. ಸಾವಿರಾರು ಸಣ್ಣ ಹೂಡಿಕೆದಾರರ ಉಳಿತಾಯ ಮುಳುಗಿತು. ಅವರು ಮುಖ್ಯವಾಗಿ ಸೋತದ್ದು ಕರೆಂಟ್ ಒಯ್ಯುವವರ ಲೆಕ್ಕದಲ್ಲಿ. ನೀವು ಬಿಸಿನೆಸ್ ಪ್ಲಾನ್ ಬರೆಯುವಾಗ ಇದನ್ನು ಪಕ್ಕದಲ್ಲಿಟ್ಟುಕೊಳ್ಳಿ.

ಹಾಗಾದರೆ ನಿಮಗೆ ಜಾಗ ಎಲ್ಲಿದೆ? ನಮ್ಮ ಲೆಕ್ಕವನ್ನೇ ಕೊಡುತ್ತೇನೆ. ದಿನಕ್ಕೆ ಸುಮಾರು 1 ಲಕ್ಷ ಲೀಟರ್ ಸಂಸ್ಕರಿಸುತ್ತೇವೆ. ಫ್ಲಶ್‌ಗೆ, ಗಿಡಕ್ಕೆ 45 ಸಾವಿರ ಹೋಗುತ್ತದೆ. ಉಳಿದದ್ದು ರಾಜಕಾಲುವೆಗೆ. ಪಕ್ಕದ ರಸ್ತೆಯಲ್ಲೇ ಟ್ಯಾಂಕರ್ ನೀರಿಗೆ ಜನ ಸಾಲು ನಿಂತಿರುತ್ತಾರೆ. 2024ರ ಬೇಸಿಗೆಯಲ್ಲಿ ನೀರಿಗೆ ಹಾಹಾಕಾರ ಆದಾಗ ಸರ್ಕಾರ ನಿಯಮ ಸಡಿಲಿಸಿತು, ಅಪಾರ್ಟ್‌ಮೆಂಟ್‌ಗಳು ಸಂಸ್ಕರಿಸಿದ ನೀರಿನಲ್ಲಿ ಅರ್ಧದಷ್ಟು ಮಾರಬಹುದು ಅಂತ. ಕಾಗದದ ಮೇಲೆ ಸರಿ. ಆದರೆ ಟೆಸ್ಟ್ ರಿಪೋರ್ಟ್ ಯಾರು ಮಾಡಿಸಬೇಕು, ಟ್ಯಾಂಕರ್ ಯಾರದ್ದು, ಕುಡಿಯುವ ನೀರು ತುಂಬುವ ಟ್ಯಾಂಕರಿಗೇ ಇದನ್ನು ತುಂಬಿದರೆ ಏನು ಗತಿ? ಇದನ್ನೆಲ್ಲ ಒಬ್ಬರು ತಲೆ ಮೇಲೆ ಹೊತ್ತುಕೊಂಡು ಮಾಡಿದರೆ ನಮ್ಮಂಥ ನೂರಾರು ಕಮಿಟಿಗಳು ಕೈ ಮುಗಿದು ಎಸ್‌ಟಿಪಿ ಬೀಗದ ಕೈ ಕೊಡುತ್ತವೆ. ಇದಕ್ಕೆ ಹೊಸ ಪೊರೆ ಕಂಡುಹಿಡಿಯಬೇಕಿಲ್ಲ, ವಿದೇಶಿ ಗ್ರಾಂಟ್‌ಗೆ ಕಾಯಬೇಕಿಲ್ಲ. ಸಿಕ್ಕರೆ ತಗೊಳ್ಳಿ, ಆದರೆ ಅದು ಮುಗಿದ ಮರುದಿನ ಆಪರೇಟರ್ ಸಂಬಳ ಎಲ್ಲಿಂದ ಅಂತ ಮೊದಲೇ ಬರೆದಿಟ್ಟುಕೊಳ್ಳಿ.

ಕಳೆದ ತಿಂಗಳು ನಾನೇ ಒಂದು ಪ್ರಯತ್ನ ಮಾಡಿದೆ. ಎದುರಿಗೆ ಒಂದು ಕಟ್ಟಡ ಏಳುತ್ತಿದೆ. ಅಲ್ಲಿನ ಮೇಸ್ತ್ರಿಯನ್ನು ಕರೆದುಕೊಂಡು ಬಂದು ಫಿಲ್ಟರ್ ಆದ ನೀರು ಒಂದು ಬಕೆಟ್ ತೋರಿಸಿದೆ. ಅವರು ಬೊಗಸೆಯಲ್ಲಿ ಹಿಡಿದು ಮೂಸಿದರು, ಬೆಳಕಿಗೆ ಹಿಡಿದು ನೋಡಿದರು, ಕೈ ಒರೆಸಿಕೊಂಡರು. "ಪ್ಲಾಸ್ಟರ್‌ಗೆ ಬೇಡ ಸಾರ್, ಓನರ್ ಬೈತಾರೆ. ಕ್ಯೂರಿಂಗ್‌ಗೆ ಕೊಡಿ, ನಾಳೆಯಿಂದ ಎರಡು ಲೋಡ್" ಅಂದರು. ಕ್ಯೂರಿಂಗ್ ಅಂದರೆ ಹೊಸ ಕಾಂಕ್ರೀಟಿಗೆ ನೀರುಣಿಸುವುದು. ಈಗ ದಿನಾ ಬೆಳಗ್ಗೆ ಏಳಕ್ಕೆ ಅವರ ಹುಡುಗ ಪೈಪ್ ಹಿಡಿದು ಗೇಟಿನ ಹತ್ತಿರ ನಿಂತಿರುತ್ತಾನೆ.