ವೀ ಯು ಕನ್ಸೋಲ್ ಯಾಕೆ ಮಕಾಡೆ ಮಲಗಿತು?

ಮುಂಬೈಯ ಲ್ಯಾಮಿಂಗ್ಟನ್ ರೋಡಿನಲ್ಲಿ ಹಳೇ ವೀ ಯು (ಟಿವಿಗೆ ಜೋಡಿಸಿ ಆಡುವ ಗೇಮ್ ಪೆಟ್ಟಿಗೆ) ಅಗ್ಗಕ್ಕೆ ಕಂಡಿದೆ, ಜಪಾನಿನ ಹೆಸರಾಂತ ಗೇಮ್ ಕಂಪನಿ ನಿಂಟೆಂಡೊದ್ದೇ ಆದರೂ ಯಾಕೆ ಓಡಲಿಲ್ಲ ಅಂತ ಕೇಳಿದ್ದೀರಿ.

ಮೊದಲ ಪೆಟ್ಟು ಪ್ರಚಾರದ್ದು. ಇದಕ್ಕೂ ಮುಂಚಿನ, 2006ರ ವೀ ಕನ್ಸೋಲ್ 10 ಕೋಟಿಗೂ ಜಾಸ್ತಿ ಮಾರಾಟವಾಗಿತ್ತು. 2012ರಲ್ಲಿ ವೀ ಯು ಬಂದಾಗ ಎಷ್ಟೋ ಜನ ಅದನ್ನು ಹಳೇ ವೀಗೆ ಜೋಡಿಸುವ ಟ್ಯಾಬ್ಲೆಟ್ ಅಂದುಕೊಂಡರು. ಪ್ರಚಾರದಲ್ಲಿ ತೋರಿಸಿದ್ದೆಲ್ಲ ಕೈಯಲ್ಲಿ ಹಿಡಿದು ಆಡುವ, ಪರದೆಯಿರುವ ಆ ಗೇಮ್‌ಪ್ಯಾಡನ್ನೇ ಅಲ್ವಾ!

ನಿಜವಾದ ತೊಂದರೆ ಆಮೇಲಿನದು. ಹೊರಗಿನ ಕಂಪನಿಗಳು ಗೇಮ್ ಮಾಡುವ ಮುಂಚೆ ಕನ್ಸೋಲ್ ಎಷ್ಟು ಮನೆಗಳಲ್ಲಿದೆ ಅಂತ ಎಣಿಸುತ್ತವೆ. ಕೊಳ್ಳುವವರು ಗೇಮ್ ಯಾವುದಿದೆ ಅಂತ ನೋಡುತ್ತಾರೆ. ಇವರು ಬರಲಿ ಅಂತ ಅವರು, ಅವರು ಬರಲಿ ಅಂತ ಇವರು. 2013ರ ನವೆಂಬರಿನಲ್ಲಿ ಬಂದ ಎದುರಾಳಿ ಕನ್ಸೋಲ್‌ಗಳಾದ ಸೋನಿಯ ಪಿಎಸ್4, ಮೈಕ್ರೋಸಾಫ್ಟಿನ ಎಕ್ಸ್‌ಬಾಕ್ಸ್ ಒನ್ ಎರಡರಲ್ಲೂ ಪಿಸಿಯಂಥದ್ದೇ ಎಕ್ಸ್86 ಪ್ರೊಸೆಸರ್, ಶಕ್ತಿಯೂ ಹೆಚ್ಚು. ವೀ ಯುನಲ್ಲಿ ಇದ್ದದ್ದು ಪವರ್‌ಪಿಸಿ ಅನ್ನೋ ಬೇರೆ ಬಗೆಯ ಪ್ರೊಸೆಸರ್. ಅವಕ್ಕೆ ಬರೆದ ಗೇಮನ್ನು ಇದಕ್ಕೆ ಹೊಂದಿಸಬೇಕೆಂದರೆ ಬೇರೆಯೇ ಖರ್ಚು. ಅದರ ಮೇಲೆ ಎರಡನೇ ಪರದೆಗೂ ಏನಾದರೂ ಕೆಲಸ ಕೊಡಬೇಕು. ಸುಮ್ನೆ ಯಾರು ತಲೆಕೆಡಿಸಿಕೊಳ್ಳುತ್ತಾರೆ? ದೊಡ್ಡ ಗೇಮ್ ಕಂಪನಿ ಇಎ (ಎಲೆಕ್ಟ್ರಾನಿಕ್ ಆರ್ಟ್ಸ್) 2013ರಲ್ಲೇ ಹೆಚ್ಚುಕಡಿಮೆ ಕೈತೊಳೆದುಕೊಂಡಿತು.

ನಿಂಟೆಂಡೊದ ಸ್ವಂತ ಗೇಮ್‌ಗಳು ಚೆನ್ನಾಗಿಯೇ ಇದ್ದವು. ಕನ್ಸೋಲ್ ಮಾತ್ರ ಸುಮಾರು 1.36 ಕೋಟಿಗೆ ನಿಂತುಬಿಟ್ಟಿತು. ವೀ ಯುನಲ್ಲಿ ಕಾರ್ ರೇಸಿನ ಗೇಮ್ ಮಾರಿಯೊ ಕಾರ್ಟ್ 8 ಒಂದು ಕೋಟಿಯನ್ನೂ ಮುಟ್ಟಲಿಲ್ಲ; ಅದೇ ಗೇಮ್ 2017ರಲ್ಲಿ ನಿಂಟೆಂಡೊದ ಮುಂದಿನ ಕನ್ಸೋಲ್ ಸ್ವಿಚ್‌ಗೆ ಬಂದು ಹಲವು ಕೋಟಿ ದಾಟಿತು.

ಕೊಳ್ಳುವುದಾದರೆ ಹುಷಾರು. 2023ರಿಂದ ಅದರ ಆನ್‌ಲೈನ್ ಅಂಗಡಿಯಲ್ಲಿ ಹೊಸದಾಗಿ ಏನನ್ನೂ ಕೊಳ್ಳಲಾಗದು. ಡಿಸ್ಕ್‌ಗೆ ರೀಜನ್ ಲಾಕ್ ಇದೆ. ಜಪಾನಿನ ಪೆಟ್ಟಿಗೆಯಲ್ಲಿ ಅಮೆರಿಕದ ಡಿಸ್ಕ್ ಓಡುವುದಿಲ್ಲ. ಗೇಮ್‌ಪ್ಯಾಡ್ ಚಾರ್ಜ್ ಹಿಡಿಯುತ್ತಾ ಅಂತ ಅಂಗಡಿಯಲ್ಲೇ ನೋಡಿ.