ಬ್ಯಾಸಿಗ್ಯಾಗ ಫಾಗ್ ಮಶೀನ್ ಹೊಗಿ ಯಾಕ ನಿಲ್ಲೂದಿಲ್ಲ

ನಿಮ್ಮ ಪ್ರಶ್ನೆ ಇಷ್ಟ: ಆಗಸ್ಟ್‌ನ್ಯಾಗ ಧಾರವಾಡದ ಹಾಲ್‌ದಾಗ ಎರಡ ಸಲ ಬಟನ್ ಒತ್ತಿದ್ರ ಸ್ಟೇಜ್ ತುಂಬಿತ್ತು, ಏಪ್ರಿಲ್‌ನ್ಯಾಗ ಗದಗ ಕಡೆ ಜಾತ್ರಿ ನಾಟಕದಾಗ ಒಂದ ಕ್ಯಾನ್ ಲಿಕ್ವಿಡ್ ಖಾಲಿ ಆದ್ರೂ ಹೊಗಿ ಕಾಣಲಿಲ್ಲ, ಮಶೀನ್ ಕೆಟ್ಟೈತೇನು? ಇನ್ನೊಬ್ಬರು ಇ-ಸಿಗರೇಟ್ ಹೊಗಿನೂ ಥಂಡ್ಯಾಗ ದಟ್ಟ ಕಾಣತೈತಿ, ಎರಡೂ ಒಂದೇನ ಅಂತ ಕೇಳ್ಯಾರ. ಮಶೀನ್ ಬಿಚ್ಚೂಕಿಂತ ಮೊದಲ ಗಾಳಿ ನೋಡ್ರಿ.

ಇದು ಹೊಗಿನ ಅಲ್ಲ, ಸಣ್ಣ ಹನಿ. ಪ್ರೊಪಿಲೀನ್ ಗ್ಲೈಕಾಲ್ ಅಥವಾ ಗ್ಲಿಸರಿನ್, ಜೊತಿಗೆ ನೀರು, ಮಶೀನ್ ಒಳಗಿನ ಬಿಸಿ ಲೋಹದ ಬ್ಲಾಕ್‌ನ್ಯಾಗ ಆವಿ ಆಗಿ ನಳಿಗಿಯಿಂದ ಹೊರಗ ಬಿದ್ದಕೂಡ್ಲೆ ತಣ್ಣಗಾಗಿ ಹನಿ ಆಗತೈತಿ. ಮಶೀನ್ ಬಾಯಿ ಹತ್ರ ನೋಡ್ರಿ: ಮೊದಲ ಎರಡ ಮೂರ ಬೆರಳಿನಷ್ಟು ಜಾಗ ಖಾಲಿ ಕಾಣತೈತಿ, ಅದರ ಮುಂದ ಬಿಳಿ ಶುರು. ಖಾಲಿ ಕಾಣೂದು ಆವಿ, ಬಿಳಿ ಕಾಣೂದು ಹನಿ. ಇ-ಸಿಗರೇಟ್‌ನ್ಯಾಗ ಇರೂದೂ ಇದ ಗ್ಲೈಕಾಲ್ ಮತ್ತ ಗ್ಲಿಸರಿನ್. ಥಂಡ್ಯಾಗ ಉಸಿರಿನ ತೇವಾನೂ ಅದರ ಜೊತಿ ಹನಿ ಆಗೂದಕ್ಕ ಇನ್ನೂ ದಟ್ಟ ಕಾಣತೈತಿ. ಅದರ ಮಾರಾಟ ನಮ್ಮ ದೇಶದಾಗ 2019ರಿಂದ ನಿಷೇಧ ಐತಿ. ಆ ಲಿಕ್ವಿಡ್‌ನ್ಯಾಗ ನಿಕೋಟಿನ್, ವಾಸನಿ ಎಲ್ಲಾ ಇರತಾವ, ಫಾಗ್ ಮಶೀನ್‌ಗೆ ಎಂದೂ ಹಾಕಬ್ಯಾಡ್ರಿ.

ಈಗ ತೇವದ ಲೆಕ್ಕ. ಗ್ಲಿಸರಿನ್ ಗಾಳಿಯೊಳಗಿನ ನೀರು ಹೀರತೈತಿ. ಆರ್ದ್ರತೆ 90% ಇದ್ದಾಗ 1 ಗ್ರಾಂ ಗ್ಲಿಸರಿನ್ ಸುಮಾರು 2 ಗ್ರಾಂ ನೀರು ಹಿಡಕೊಂಡ ಕೂಡತೈತಿ. 50% ಇದ್ರ ಕಾಲು ಗ್ರಾಂ. 25%ಕ್ಕ ಇಳದ್ರ 0.1 ಗ್ರಾಂ ಸೈತ ಉಳಿಯೂದಿಲ್ಲ. ಅಂದ್ರ ಅದ ಲಿಕ್ವಿಡ್, ಅದ ಮಶೀನ್, ಮಳಿಗಾಲದಾಗ ಹನಿ ಉಬ್ಬತಾವ, ಬ್ಯಾಸಿಗ್ಯಾಗ ಸೊರಗತಾವ. ಹನಿ ಸಣ್ಣ ಆದಂಗ ಬೆಳಕ ಚೆಲ್ಲೂದು ಕಡಿಮಿ.

ಬಿಸಿಲಿನ ಹೊಡತ ಬ್ಯಾರೆ. ಪ್ರೊಪಿಲೀನ್ ಗ್ಲೈಕಾಲ್ 188 ಡಿಗ್ರಿಗೆ ಕುದಿತೈತಿ, ಗ್ಲಿಸರಿನ್ 290ಕ್ಕ. ಹಗುರ ಇರೂ ಗ್ಲೈಕಾಲ್ ಹನಿ 25 ಡಿಗ್ರ್ಯಾಗ ಹಾರಿ ಹೋಗೂದಕ್ಕಿಂತ 37ರಾಗ ಎರಡ ಪಟ್ಟಿಗಿಂತ ಜೋರ ಹಾರತೈತಿ. ಏಪ್ರಿಲ್ ಮಧ್ಯಾಹ್ನ ‘ಕ್ವಿಕ್’ (ಲಗೂನ ಕರಗಿ ಹೋಗೂ) ಲಿಕ್ವಿಡ್ ಹಾಕಿದ್ರ ನೀವ ಹೇಳಿದಂಗ ಆಗೂದ.

ಹಂಗಾಗಿ ರಿಹರ್ಸಲ್ ನೋಡಿ ಲೆಕ್ಕ ಹಾಕಬ್ಯಾಡ್ರಿ. ಮಧ್ಯಾಹ್ನ 37 ಡಿಗ್ರಿ, 25% ಇದ್ದ ಗಾಳಿ ರಾತ್ರಿ 27ಕ್ಕ ಇಳದ್ರ, ಒಂದ ಹನಿ ನೀರು ಕೂಡದಿದ್ರೂ ಆರ್ದ್ರತೆ 44% ಆಸುಪಾಸು ಆಗತೈತಿ. ಜಾತ್ರಿ ನಾಟಕ ಶುರು ಆಗೂದ ರಾತ್ರಿ 10ರ ಮ್ಯಾಲೆ, ಆ ಹೊತ್ತಿನ್ಯಾಗ ಟೆಸ್ಟ್ ಮಾಡ್ರಿ. ಒಂದ ಸಣ್ಣ ಡಿಜಿಟಲ್ ಹೈಗ್ರೋಮೀಟರ್ (ಗಾಳಿ ತೇವ ಅಳಿಯೂ ಸಾಧನ) ಸ್ಟೇಜ್ ಮ್ಯಾಲೆ ಇಟ್ಟು, 40%ಕ್ಕಿಂತ ಕೆಳಗ ತೋರಿಸಿದ್ರ ‘ಹೆವಿ’ ಅಥವಾ ‘ಲಾಂಗ್ ಲಾಸ್ಟಿಂಗ್’ ಲಿಕ್ವಿಡ್ ತಗೊಳ್ರಿ. ಮೆಡಿಕಲ್ ಅಂಗಡಿ ಗ್ಲಿಸರಿನ್ ತಂದು ಅಳತಿ ಇಲ್ಲದ ಸುರಿಯೂದು ಬ್ಯಾಡ. ಬ್ಲಾಕ್ ಕಾವು ಸಾಲದಿದ್ರ ಎಣ್ಣಿಯಂಗ ಉಗುಳಿ ನೆಲ ಜಾರತೈತಿ. ಕಾವು ಮಿತಿ ಮೀರಿದ್ರ ಗ್ಲಿಸರಿನ್ ಸುಟ್ಟು ಅಕ್ರೋಲಿನ್ ಅನ್ನೂ ವಿಷದ ಆವಿ ಹುಟ್ಟತೈತಿ, ಕಣ್ಣು ಗಂಟಲಾ ಉರಿತಾವ.

ಹಾಲ್ ಇದ್ರ ಒಂದ ಉಪಾಯ ಐತಿ: ಡೆಸರ್ಟ್ ಕೂಲರ್ ಅರ್ಧ ತಾಸು ಮೊದಲ ಹಚ್ಚಿ, ಸೀನ್ ಬರೂ ಹೊತ್ತಿಗೆ ಬಂದ್ ಮಾಡ್ರಿ. ಕಾವು ಇಳಿತೈತಿ, ತೇವ ಏರತೈತಿ. ಬಯಲಿನ್ಯಾಗ ಪರದಾ ಹಿಂದ ಗೋಣಿತಟ್ಟು ತೊಯ್ಸಿ ಕಟ್ರಿ, ವೈರ್‌ಗಿಂತ ದೂರ. ಆದ್ರ ನಿಮ್ಮ ಗದಗ ಕಡೆ ಕಪ್ಪತಗುಡ್ಡದ ಸುತ್ತ ಗಾಳಿಯಂತ್ರ ಸುಮ್ಮ ನಿಂತಿಲ್ಲ. ಆ ಬಯಲ ಗಾಳಿಗೆ ಯಾವ ಲಿಕ್ವಿಡ್ಡೂ ತಡಿಯೂದಿಲ್ಲ, ಗಾಳಿ ಬರೂ ಕಡೆ ತಾಡಪಾಲ್ ಕಟ್ಟೂದೊಂದ ದಾರಿ. ಮತ್ತ ಲೈಟ್ ಜಾಗ ಬದಲಿಸ್ರಿ: ಈ ಹನಿಗಳು ಬೆಳಕನ್ನ ಹೆಚ್ಚಾಗಿ ಮುಂದಕ್ಕ ಚೆಲ್ಲತಾವ. ಮುಂದಿನ ಫೋಕಸ್ ಕಡಿಮಿ ಮಾಡಿ ಹಿಂದಿನಿಂದ ಮಂದಿ ಕಡೆ ಒಂದ ಲೈಟ್ ಓರಿ ಮಾಡಿ ಬಿಟ್ರ, ಅಷ್ಟ ಹೊಗಿ ಭಾಳ ದಟ್ಟ ಕಾಣತೈತಿ. ನನ್ನ ಕೇಳಿದ್ರ ಇನ್ನೊಂದ ಕ್ಯಾನ್ ಕೊಳ್ಳೂಕಿಂತ ಮೊದಲ ಇದನ್ನ ಮಾಡ್ರಿ.

ಇಷ್ಟ ಮಾಡಿದ್ರೂ ಹೊಗಿ ಬರಲಿಲ್ಲಂದ್ರ ಕರೆಂಟ್ ನೋಡ್ರಿ. ಹೀಟರ್ ಕಾವು ವೋಲ್ಟೇಜಿನ ವರ್ಗದ ಲೆಕ್ಕದಾಗ ಇಳಿತೈತಿ: 230ರ ಜಾಗದಾಗ 190 ಬಂದ್ರ 1500 ವ್ಯಾಟ್ ಮಶೀನ್ ಸುಮಾರು 1000 ವ್ಯಾಟ್‌ದಾಗ ನಡೀತೈತಿ. ಎರಡ ಸಲ ಒತ್ತೂದ್ರಾಗ ಬ್ಲಾಕ್ ತಣ್ಣಗಾಗಿ ‘ರೆಡಿ’ ದೀಪ ಆರತೈತಿ. ಜನರೇಟರ್‌ದಿಂದ 50 ಮೀಟರ್ ಎಳೀಬೇಕಂದ್ರ 1 ಚದರ ಮಿಮೀ ವೈರ್ ಬಿಟ್ಟು 2.5 ಹಾಕ್ರಿ. ಲಿಕ್ವಿಡ್‌ಗೆ ಬೋರ್ ನೀರು ಬೆರಸೂ ರೂಢಿ ಇದ್ರ ಇವತ್ತ ಬಿಡ್ರಿ, ಸುಣ್ಣ ಕಟ್ಟಿ ನಳಿಗಿ ಮುಚ್ಚತೈತಿ. ಡಿಸ್ಟಿಲ್ಡ್ ನೀರ ಬೇಕು.

ನೆಲದ ಮ್ಯಾಲ ಹರಿಯೂ ಮಂಜು ಬೇಕಂದ್ರ, ಥರ್ಮೋಕೋಲ್ ಪೆಟ್ಟಿಗ್ಯಾಗ ಐಸ್ ತುಂಬಿ, ನಡುವ ಜಾಳಿಗಿ ಇಟ್ಟು, ಒಂದ ಕಡೆಯಿಂದ ಫಾಗ್ ಬಿಟ್ಟು ಇನ್ನೊಂದ ಕಡೆ ತಳದಾಗ ತೂತು ಕೊಡ್ರಿ. ತಣ್ಣಗಿದ್ದಷ್ಟ ಹೊತ್ತು ಕೆಳಗ ಇರತೈತಿ, ಬಿಸಿ ಆದಕೂಡ್ಲೆ ಏಳತೈತಿ. ಡ್ರೈ ಐಸ್ (ಗಟ್ಟಿ ಮಾಡಿದ ಕಾರ್ಬನ್ ಡೈಆಕ್ಸೈಡ್, −78.5 ಡಿಗ್ರಿ) ಬಳಸೂದಾದ್ರ ಭಾಳ ಎಚ್ಚರ: 1 ಕಿಲೋದಿಂದ 500 ಲೀಟರ್‌ಗಿಂತ ಹೆಚ್ಚು ಕಾರ್ಬನ್ ಡೈಆಕ್ಸೈಡ್ ಬರತೈತಿ, ಅದು ಗಾಳಿಗಿಂತ ಭಾರ, ತಗ್ಗಿನ್ಯಾಗ ತುಂಬಿ ಉಸಿರು ಕಟ್ಟಿಸತೈತಿ. ಪೆಟಗಿ (ಹಾರ್ಮೋನಿಯಂ) ಮಾಸ್ತರು, ತಬಲಾದವರು ಸ್ಟೇಜ್ ಮುಂದ ತಗ್ಗಿನ್ಯಾಗ ಕೂತಿರತಾರ, ಮಂಜು ಹರದು ಹೋಗಿ ನಿಲ್ಲೂದೂ ಅಲ್ಲೆ. ಅವರನ್ನ ಮ್ಯಾಲ ಕೂಡ್ರಿಸದ ಡ್ರೈ ಐಸ್ ಡ್ರಮ್ಮಿನ ಮುಚ್ಚಳ ತೆಗೀಬ್ಯಾಡ್ರಿ.